ಗೊತ್ತೈತಿ ಕಾಕಾ

ಗೋಕಾಕದ ನಮ್ಮ ಓಣಿಯಲ್ಲಿ ಅವರ ನಿಜವಾದ ಹೆಸರು ರೇಷನ್ ಕಾರ್ಡಿಗಷ್ಟೇ ಗೊತ್ತು. ಉಳಿದವರಿಗೆಲ್ಲ ಅವರು ‘ಗೊತ್ತೈತಿ ಕಾಕಾ’. ಏನು ಕೇಳಿದರೂ ಮೊದಲು ಬರುವುದು ‘ಗೊತ್ತೈತಿ ಬಿಡು’. ಉತ್ತರ ಆಮೇಲೆ, ದಾರಿ ಹುಡುಕಿಕೊಂಡು ಬರುತ್ತದೆ. ಗೋಕಾಕ ಫಾಲ್ಸಿನ ಎತ್ತರ 52 ಮೀಟರ್, ಹಳೇ ಲೆಕ್ಕದಲ್ಲಿ 171 ಅಡಿ. ಕಾಕಾರ ಬಾಯಲ್ಲಿ ಅದು ಊರವರಿಗೆ 200 ಅಡಿ, ಹುಕ್ಕೇರಿಯ ಬೀಗರು ಬಂದಾಗ 250. ಘಟಪ್ರಭೆಗೆ ನೀರು ಬಂದರೆ ಇನ್ನಷ್ಟು ಏರುತ್ತದೆ. ಹಾಗಂತ ಸುಳ್ಳು ಹೇಳುವವರಲ್ಲ. ‘ಗೊತ್ತಿಲ್ಲ’ ಎಂಬ ಮೂರಕ್ಷರಕ್ಕೆ ಅವರ ನಾಲಿಗೆ ಹೊರಳುವುದಿಲ್ಲ, ಅಷ್ಟೇ.

ಮಿರಗದ ಮಳೆ ಹನಿಸಿದ ಮರುದಿನ ಮುಂಜಾನೆ, ಚಾದಂಗಡಿ ಎದುರಿನ ಕಂಪೌಂಡ್ ಗೋಡೆಯ ಮೇಲೆ ಒಂದು ಹಕ್ಕಿ ಹೊರಟಿತ್ತು. ಹಾರುತ್ತಿರಲಿಲ್ಲ, ನಡೆಯುತ್ತಿತ್ತು, ಧೋತರದ ಚುಂಗು ಕೈಯಲ್ಲಿ ಹಿಡಿದು ಕೆಸರು ದಾಟುವ ಯಜಮಾನರ ಹಾಗೆ. ಮೈಯೆಲ್ಲ ಕಾಗೆಯ ಕಪ್ಪು, ಅದರ ಮೇಲೊಂದು ನೀಲಿ ಹೊಳಪು. ರೆಕ್ಕೆ ಮಾತ್ರ ಹೊಸ ಹಂಚಿನ ಬಣ್ಣ. ಬಾಲ ಉದ್ದಕ್ಕೆ ಉದ್ದ. ಕಣ್ಣು ರಾತ್ರಿಯೆಲ್ಲ ಪಾರಿಜಾತ ಬಯಲಾಟ ನೋಡಿ ಬಂದವರ ಹಾಗೆ ಕೆಂಪು.

“ಏನ್ ಹಕ್ಕಿರೀ ಕಾಕಾ ಅದು?”

“ಗೊತ್ತೈತಿ ಬಿಡು. ಕಾಗಿ ಜಾತಿ. ತಾಯಿ ಕಾಗಿ, ತಂದಿ ಹುಂಜ.”

ಕಾಲೇಜು ಹುಡುಗ ಕಿಸಕ್ಕನೆ ನಕ್ಕ. ಕಾಕಾ ಬಶಿಗೆ ಚಾ ಸುರುವಿಕೊಂಡು, ಒಂದು ಸಲ ಸೊರ್ರೆಂದು ಎಳೆದು, ದಾರಿ ಬದಲಿಸಿದರು. “ಇಲ್ಲಾಂದ್ರ ಧೂಪದಾಳ ಕಡೆಯಿಂದ ಬಂದಿರಬೇಕು. ಹೊರದೇಶದ್ದು ಅದು, ಸೈಬೀರಿಯಾದ್ದು.”

ಧೂಪದಾಳದ ಮಾತು ಪೂರ್ತಿ ಗಾಳಿಗುದ್ದಾಟವಲ್ಲ. 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮ ಇರುವುದು ಅಲ್ಲೇ, ನಮ್ಮ ತಾಲೂಕಿನಲ್ಲೇ. ಚಳಿಗಾಲಕ್ಕೆ ದೂರದೇಶದ ಕೊಕ್ಕರೆಗಳು ಅಲ್ಲಿಗೆ ಬರುವುದೂ ನಿಜ. ಆದರೆ ಮಿರಗದ ಮಳೆಯ ಹೊತ್ತಿಗೆ ಅವು ತಮ್ಮ ಊರು ಸೇರಿ, ಮರಿ ಮಾಡಿಕೊಂಡು ಸಂಸಾರದಲ್ಲಿ ಮುಳುಗಿರುತ್ತವೆ.

ಅಷ್ಟರಲ್ಲಿ ಮೂಡಲಗಿ ಕಡೆಯಿಂದ ಬದನೆಕಾಯಿ ತರುವ ಅಕ್ಕ ಬುಟ್ಟಿ ಇಳಿಸಿ ಗೋಡೆ ಕಡೆ ನೋಡಿದಳು. “ಅಯ್ಯ, ಕೆಂಬೂತ ಅಲ್ಲೇನ್ರೀ ಅದು? ನಮ್ಮ ಕಬ್ಬಿನ್ಯಾಗ ದಿನಾ ಅಡ್ಡಾಡತೈತಿ. ಖಾಲಿ ಕೊಡದಾಗ ಬಾಯಿ ಇಟ್ಟು ಕೂಗಿದಂಗ ಊಪ್, ಊಪ್ ಅಂತೈತಿ.”

ನಮಗೆಲ್ಲ ತಲೆ ತಗ್ಗಿತು. ನವಿಲನ್ನು ನೋಡಿ ಪುಕ್ಕ ಕೆದರಿಕೊಂಡ ಗಾದೆಯ ಕೆಂಬೂತ ಯಾರಿಗೆ ಗೊತ್ತಿಲ್ಲ? ಭಾಷಣ, ಪ್ರಬಂಧ, ಜಗಳ ಎಲ್ಲದರಲ್ಲೂ ಬಳಸಿದ್ದೇವೆ. ಅದು ಗೋಡೆ ಮೇಲೆ ನಡೆದು ಬಂದರೆ ಮಾತ್ರ ಗುರುತು ಸಿಗಲಿಲ್ಲ. ನನಗೂ ಸಿಗಲಿಲ್ಲ, ಮನೆಯಲ್ಲಿ ಸಲೀಂ ಅಲಿಯವರ ಪುಸ್ತಕ ಇಟ್ಟುಕೊಂಡು.

ತಲೆ ತಗ್ಗದವರು ಕಾಕಾ ಒಬ್ಬರೇ. “ನಾನೂ ಅದನ್ನ ಹೇಳಾಕತ್ತಿದ್ದೆ. ಕಾಗಿ ಜಾತಿ ಕೆಂಬೂತ.”

“ಕಾಗಿ ಜಾತಿ ಅಲ್ರೀ ಕಾಕಾ, ಕೋಗಿಲಿ ಕುಟುಂಬ,” ಎಂದ ಹುಡುಗ ಮೊಬೈಲ್ ತೋರಿಸಿ. “ಆದ್ರ ಕೋಗಿಲಿಯಂಗ ಮಂದಿ ಗೂಡಿನ್ಯಾಗ ತತ್ತಿ ಇಡೂದಿಲ್ಲ. ತಂದು ತಾನ ಕಟ್ಟಕೊಂತೈತಿ. ಶಾಸ್ತ್ರದ ಹೆಸರು ಸೆಂಟ್ರೋಪಸ್ ಸೈನೆನ್ಸಿಸ್, 1815ರಾಗ ಇಟ್ಟದ್ದು. ಸೈನೆನ್ಸಿಸ್ ಅಂದ್ರ ಚೀನಾದ್ದು.”

ಕಾಕಾ ಬಶಿ ಕೆಳಗಿಟ್ಟು ಎದ್ದೇ ನಿಂತರು. “ಕೇಳಿದ್ರೇನು? ಹೊರದೇಶದ್ದು ಅಂತ ನಾ ಮೊದಲs ಅಂದಿಲ್ಲೇನು?”

“ಈ ಗ್ವಾಡಿ ಹಾರಾಕ ತೇಕತೈತಿ,” ಎಂದಳು ಅಕ್ಕ. “ಚೀನಾದಿಂದ ಹೆಂಗ ಬಂತರೀ ಯಜಮಾನ್ರ?”

“ಅದಕ್ಕ ನಡಕೋತ ಬಂದೈತಿ.”

ಇದಕ್ಕೆ ಅಕ್ಕನ ಬಳಿಯೂ ಉತ್ತರವಿರಲಿಲ್ಲ. ಹುಕ್ಕೇರಿಯ ಬೀಗರು ಮಾತ್ರ ಚಪ್ಪಲಿ ಬಿಟ್ಟು ಹಕ್ಕಿಗೆ ಕೈ ಮುಗಿದರು. “ನಮ್ಮ ಕಡೆ ಮರಾಠಿ ಮಂದಿ ಇದಕ್ಕ ಭಾರದ್ವಾಜ ಅಂತಾರ. ಕಂಡ್ರ ಶುಭ.” ‘ಗೊತ್ತೈತಿ’ ಎಂದು ಕಾಕಾರೂ ಕೈ ಮುಗಿದು, ಶುಭದ ಲೆಕ್ಕದಲ್ಲಿ ಎಲ್ಲರಿಗೂ ಚಾ ಹೇಳಿ, ರೊಕ್ಕ ಕೊಡಲು ಬೀಗರ ಕಡೆ ನೋಡಿದರು. ಅಷ್ಟು ಹೊತ್ತಿಗೆ ಕೆಂಬೂತ ಗೋಡೆ ಬುಡಕ್ಕಿಳಿದು ಒಂದು ಬಸವನಹುಳುವನ್ನು ಎಳೆದು ತಿನ್ನುತ್ತಿತ್ತು. ಹುಳುವಿಗೆ ಅಂದಿನ ಮುಂಜಾವು ಅಷ್ಟೇನೂ ಶುಭವಾಗಲಿಲ್ಲ.

ತಿಂಗಳೊಪ್ಪತ್ತು ಕಳೆದಿರಬೇಕು. ಅದೇ ಚಾದಂಗಡಿಯ ಬೇವಿನ ಗಿಡದಲ್ಲಿ ಒಂದು ಮರಿ, ಮೈತುಂಬ ಚುಕ್ಕೆ, ಬಾಯಿ ತೆರೆದು ಒಂದೇ ಸಮ ಕಿರುಚುತ್ತಿತ್ತು. ಕಾಗೆಯೊಂದು ಹೋಟೆಲಿನ ಹಿಂದಿನಿಂದ ಅನ್ನದ ಅಗುಳು ತಂದು ತಂದು ಅದರ ಗಂಟಲಿಗೆ ತುರುಕುತ್ತಿತ್ತು.

“ಯಾವ ಮರಿರೀ ಕಾಕಾ?”

“ಗೊತ್ತೈತಿ ಬಿಡು. ಕಾಗಿ ಮರಿ.”

ಅದು ಕೋಗಿಲೆ ಮರಿ. ಈ ಸಲ ಹುಡುಗನಾಗಲಿ, ಮೂಡಲಗಿ ಅಕ್ಕನಾಗಲಿ ಕಾಕಾರನ್ನು ತಿದ್ದಲು ಹೋಗಲಿಲ್ಲ. ಕಾಗೆಯೂ ಹಾಗೇ ತಿಳಿದಿತ್ತು.