ಉಳಿದ ರಾಯರು ಕಾರಿನ ಕೆಳಗೆ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಫ್ರೀಮಾಂಟಿನ ನಮ್ಮ ಬೀದಿಯಲ್ಲಿ ಒಂದು ಗರಾಜಿನ ಬಾಗಿಲು ಮೇಲೇಳುತ್ತದೆ. ಮೊದಲು ಕಾಣುವುದು ರಾಯರ ಕಾಲು. ಉಳಿದ ರಾಯರು ಕಾರಿನ ಕೆಳಗಿರುತ್ತಾರೆ. ಕಾಲು ಅಲ್ಲಾಡುತ್ತಿದ್ದರೆ ಕೆಲಸ ನಡೆದಿದೆ ಎಂದು ತಿಳಿಯಬೇಕು. ಅಲ್ಲಾಡದಿದ್ದರೆ ಫೋನಿನಲ್ಲಿ ಅದೇ ಕೆಲಸವನ್ನು ಇನ್ಯಾರೋ ಹದಿಮೂರು ನಿಮಿಷದಲ್ಲಿ ಮಾಡಿ ಮುಗಿಸುವ ವಿಡಿಯೋ ನೋಡುತ್ತಿದ್ದಾರೆ.

ಇಂಥ ರಾಯರು ಕ್ಯಾಲಿಫೋರ್ನಿಯಾದ ಯಾವ ಕನ್ನಡ ಕೂಟಕ್ಕೆ ಹೋದರೂ ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ. ವಯಸ್ಸು ಐವತ್ತು ದಾಟಿದೆ, ಮನೆ ಸಾಲ ಮುಕ್ಕಾಲು ತೀರಿದೆ, ಮಗಳು ಕಾಲೇಜು ಸೇರಿ ಗರಾಜಿನಲ್ಲಿ ಅರ್ಧ ಜಾಗ ಖಾಲಿಯಾಗಿದೆ. ಆ ಜಾಗಕ್ಕೆ ಕೆಲವರು ಟ್ರೆಡ್‌ಮಿಲ್ ತಂದು ಅದರ ಮೇಲೆ ಬಟ್ಟೆ ಒಣಹಾಕುತ್ತಾರೆ. ನಮ್ಮ ರಾಯರು 1992ರ ಮಾಜ್ದಾ ಮಿಯಾಟಾ ತಂದರು. ಕೆಂಪು ಬಣ್ಣ, ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಚಾವಣಿ, ಗುಂಡಿ ಒತ್ತಿದರೆ ಕಪ್ಪೆ ಕಣ್ಣಿನ ಹಾಗೆ ಬಾನೆಟ್ಟಿನಿಂದ ಮೇಲೇಳುವ ದೀಪಗಳು. ಎಡಗಡೆಯ ದೀಪ ಈಚೆಗೆ ಅರ್ಧಕ್ಕೇ ನಿಲ್ಲುವುದರಿಂದ ಎದುರು ಬಂದವರಿಗೆಲ್ಲ ಕಾರು ಕಣ್ಣು ಹೊಡೆಯುತ್ತದೆ.

1989ರ ಫೆಬ್ರವರಿಯಲ್ಲಿ ಶಿಕಾಗೋ ಕಾರು ಪ್ರದರ್ಶನದಲ್ಲಿ ಈ ಮಾದರಿ ಮೊದಲು ಜನರ ಕಣ್ಣಿಗೆ ಬಿದ್ದಾಗ ರಾಯರು ತುಮಕೂರಿನಲ್ಲಿ ಪಿಯುಸಿ ಗಣಿತದ ಟ್ಯೂಷನ್ನಿಗೆ ಹೋಗುತ್ತಿದ್ದರು. ಇಂಗ್ಲೆಂಡಿನ ಹಳೆಯ ತೆರೆದ ಕಾರುಗಳ ಸೊಗಸು ಇರಬೇಕು, ಆದರೆ ಅವುಗಳ ಹಾಗೆ ಹೋದಲ್ಲೆಲ್ಲ ಎಣ್ಣೆ ಸುರಿಸಿ ನಡುದಾರಿಯಲ್ಲಿ ಕೈಕೊಡಬಾರದು ಅಂತ ಜಪಾನಿನವರು ಮಾಡಿದ ಕಾರು ಇದು. 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾದವು. ಅಷ್ಟೂ ಕಾರುಗಳಲ್ಲಿ ಇಂಗ್ಲೆಂಡಿನ ಬುದ್ಧಿ ಕಲಿತದ್ದು ರಾಯರದು. ಮಿಯಾಟಾ ಎಂದರೆ ಹಳೆಯ ಜರ್ಮನ್ ಭಾಷೆಯಲ್ಲಿ ಬಹುಮಾನ ಎಂದು ಕಂಪನಿಯವರೇ ಹೇಳಿದ್ದಾರೆ. ಯಾರಿಂದ ಯಾರಿಗೆ ಎಂಬುದನ್ನು ಮಾತ್ರ ಹೇಳಿಲ್ಲ.

ಎಣ್ಣೆಯ ಒಂದು ಹನಿ ನೆಲದ ಮೇಲೆ ಬಿದ್ದ ಕೂಡಲೇ ರಾಯರು ಫೋನ್ ಮಾಡುತ್ತಾರೆ. "ಏನ್ ಮಾಡೋಣ ಹೇಳಿ, ಮನೇಲೇ ಮಾಡೋದಾ, ಮೆಕ್ಯಾನಿಕ್ ಹತ್ರ ಬಿಡೋದಾ?" ಇದು ಪ್ರಶ್ನೆಯಲ್ಲ, ಪೂಜೆಗೆ ಮುಂಚಿನ ಸಂಕಲ್ಪ. ಉತ್ತರ ಯಾರಿಗೂ ಬೇಕಿಲ್ಲ. ಆಮೇಲೆ ಅವರು ಲ್ಯಾಪ್‌ಟಾಪ್ ತೆಗೆದು ಲೆಕ್ಕದ ಹಾಳೆ ಬಿಚ್ಚುತ್ತಾರೆ. ಕಳೆದ ವರ್ಷ ಕ್ಲಚ್ ಪೆಡಲ್ ಕೆಳಗೆ ಹೋದದ್ದು ಮೇಲೆ ಬರಲಿಲ್ಲವಲ್ಲ, ಆಗಿನ ಹಾಳೆ ನಾನೇ ನೋಡಿದ್ದೇನೆ. ಮೆಕ್ಯಾನಿಕ್ ಕೇಳಿದ್ದು 350 ಡಾಲರ್. ಕ್ಲಚ್ಚನ್ನು ತಳ್ಳುವ ಹೊಸ ಸ್ಲೇವ್ ಸಿಲಿಂಡರಿಗೆ 40. ಉಳಿತಾಯ 310. ಅದರ ಕೆಳಗೆ ಬೇರೆ ಬಣ್ಣದಲ್ಲಿ ಜಾಕ್, ಜಾಕ್ ಸ್ಟ್ಯಾಂಡ್, ಮಲಗಿ ಜಾರುವ ಹಲಗೆ, ಹಣೆಗೆ ಕಟ್ಟುವ ದೀಪ, ಒಂದೇ ಒಂದು ನಟ್ಟಿಗೆಂದು ತರಿಸಿದ ವಿಶೇಷ ಸ್ಪಾನರ್, ಒಟ್ಟು 412 ಡಾಲರ್. ಇದನ್ನು ಕಳೆಯಬೇಕಲ್ಲವೇ ಎಂದೆ. ರಾಯರಿಗೆ ನನ್ನ ಮೇಲೆ ಮರುಕ ಬಂತು. "ಟೂಲ್ಸ್ ಖರ್ಚಲ್ಲ ಕಣ್ರೀ, ಆಸ್ತಿ."

ಆಫೀಸಿನಲ್ಲಿ ಇದೇ ಮನುಷ್ಯ, ಶುಕ್ರವಾರ ಮಧ್ಯಾಹ್ನದ ಮೇಲೆ ನಡೆಯುತ್ತಿರುವ ಪ್ರೋಗ್ರಾಂ ಅನ್ನು ಯಾರೂ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದ ಮ್ಯಾನೇಜರು.

ಸ್ಲೇವ್ ಸಿಲಿಂಡರ್ ಹಾಕುವುದು ಕಷ್ಟವಲ್ಲ. ಎರಡು ಬೋಲ್ಟು, ಒಂದು ಪೈಪು. ಕಷ್ಟವಿರುವುದು ಪೈಪಿನೊಳಗೆ ಸೇರಿದ ಗಾಳಿಯನ್ನು ಓಡಿಸುವುದರಲ್ಲಿ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗಿದ್ದವರು ನಿಪ್ಪಲ್ ಸಡಿಲಿಸಿ ಗುಳ್ಳೆ ಬಿಟ್ಟು ಮತ್ತೆ ಬಿಗಿ ಮಾಡಬೇಕು, ಆಮೇಲೇ ಕಾಲೆತ್ತಬೇಕು. ಬಿಗಿ ಮಾಡುವ ಮುಂಚೆ ಕಾಲೆತ್ತಿದರೆ ಹೋದ ಗಾಳಿ ಹೊಸ ಗಾಳಿಯನ್ನು ಕರೆದುಕೊಂಡು ವಾಪಸು ಬರುತ್ತದೆ. ರಾಯರ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಆ ದಿನ ಬುದ್ಧಿವಂತಿಕೆಯಿಂದ ತರಕಾರಿಗೆ ಹೋಗಿದ್ದರು. ಮನೆಯಲ್ಲಿದ್ದವರು ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅವರ ತಾಯಿ.

"ಅತ್ತೇ, ಒತ್ತಿ."

"ಒತ್ತಿದೀನಿ ಅಳಿಯಂದ್ರೇ."

"ಹಿಡ್ಕೊಳ್ಳಿ. ಹಿಡ್ಕೊಳ್ಳಿ. ನಾನು ಹೇಳೋ ತನಕ ಬಿಡ್ಬೇಡಿ."

ಕೊನೆಯ ಎರಡಕ್ಷರ ಕಾರಿನ ಕೆಳಗೇ ಉಳಿಯಿತು. ಆಕೆಗೆ ಕೇಳಿಸಿದ್ದು "ಬಿಡಿ". ಬಿಟ್ಟರು. ನಾಲ್ಕು ಸಲ ಹೀಗಾಯಿತು. ಐದನೆಯ ಸಲಕ್ಕೆ ಅತ್ತೆಯವರಿಗೆ ಹೊಲಿಗೆ ಮೆಷಿನ್ನಿನ ನೆನಪು ಬಂದಿರಬೇಕು. ನಲವತ್ತು ವರ್ಷ ರವಿಕೆ ಹೊಲಿದ ಕಾಲು, ಒಂದು ಲಯ ಹಿಡಿದು ತುಳಿಯತೊಡಗಿತು. ಕೆಳಗಿಂದ ರಾಯರ ಕೂಗು, ಮೇಲಿಂದ "ಇನ್ನೂ ಜೋರಾಗಾ?" ಎಂಬ ಪ್ರಶ್ನೆ, ಬ್ರೇಕ್ ಆಯಿಲ್ ರಾಯರ ಕನ್ನಡಕದ ಮೇಲೆ. ನಾನು ಓಡಿಹೋಗಿ ನಿಲ್ಲಿಸಿದೆ. ಆಕೆಯನ್ನು ಇಳಿಸುವುದು ಬೇರೆ ಸಾಹಸ. ಆ ಸೀಟು ಇರುವುದು ನೆಲದಿಂದ ಮಣೆಯಷ್ಟೇ ಎತ್ತರದಲ್ಲಿ. ಇಬ್ಬರು ಸೇರಿ ಎಬ್ಬಿಸಿದೆವು. "ಜಟಕಾ ಹತ್ತೋದು ಕಷ್ಟ ಇತ್ತಪ್ಪ, ಇಳಿಯೋಕೆ ಇಷ್ಟು ಜನ ಬೇಕಿರ್ಲಿಲ್ಲ" ಎಂದು ಹೇಳಿ ಆಕೆ ಒಳಗೆ ಹೋದರು. ಮಂಡಿಗೆ ನೋವಿನೆಣ್ಣೆ ಹಚ್ಚಿದ ಖರ್ಚು ಲೆಕ್ಕದ ಹಾಳೆಯಲ್ಲಿ ಎಲ್ಲೂ ಇಲ್ಲ.

ರಾಯರ ಈ ಹಟದ ಬೇರು ತುಮಕೂರಿನಲ್ಲಿದೆ. ಅವರ ತಂದೆ ಬಜಾಜ್ ಚೇತಕ್ ಇಟ್ಟಿದ್ದರು. ಸ್ಟಾರ್ಟ್ ಆಗದಿದ್ದರೆ ಒಂದು ಕಡೆ ವಾಲಿಸುವುದು, ಒದೆಯುವುದು, ಅದಕ್ಕೂ ಜಗ್ಗದಿದ್ದರೆ ಪ್ಲಗ್ ಬಿಚ್ಚಿ ಎಮರಿ ಕಾಗದದಲ್ಲಿ ಉಜ್ಜಿ ಉಫ್ ಎಂದು ಊದುವುದು. ಹೀಗೆ ಇಪ್ಪತ್ತು ವರ್ಷ ಓಡಿಸಿದರು. ಅದೇ ರಕ್ತ ತಮ್ಮ ಮೈಯಲ್ಲೂ ಹರಿಯುತ್ತಿದೆ ಎಂದು ರಾಯರ ನಂಬಿಕೆ. ರಕ್ತವೇನೋ ಅದೇ. ಮಿಯಾಟಾವನ್ನು ವಾಲಿಸಲು ಬರುವುದಿಲ್ಲ, ಅಷ್ಟೇ.

ಆದರೆ ನನಗೆ ಅನ್ನಿಸುವುದು ಬೇರೆ. ಊರಿನಲ್ಲಾಗಿದ್ದರೆ ರಾಯರಿಗೆ ಈ ಮನೆಯೋ ಮೆಕ್ಯಾನಿಕ್ಕೋ ಎಂಬ ತಾಪತ್ರಯವೇ ಹುಟ್ಟುತ್ತಿರಲಿಲ್ಲ. ಅಲ್ಲಿ ಬೀದಿ ಮೂಲೆಯ ಮರದ ಕೆಳಗೇ ಗ್ಯಾರೇಜು. ಮೇಸ್ತ್ರಿ ಬಾನೆಟ್ಟಿನೊಳಗೆ ತಲೆ ಇಟ್ಟು "ಲೋ, ಹನ್ನೆರಡು-ಹದಿಮೂರು ಸ್ಪಾನರ್ ಕೊಡೋ" ಎಂದು ಹುಡುಗನಿಗೆ ಕೂಗುತ್ತಾನೆ. ಗಾಡಿಯ ಯಜಮಾನರು ಅರ್ಧ ಲೋಟ ಟೀ ಹಿಡಿದು ಪಕ್ಕದಲ್ಲೇ ನಿಂತು "ಕಾರ್ಬುರೇಟರ್ ಇರಬೇಕು ನೋಡಪ್ಪ" ಎನ್ನುತ್ತಾರೆ. ಮೇಸ್ತ್ರಿ "ಹೂಂ ಸಾರ್" ಎಂದು ತನಗೆ ತೋಚಿದ್ದನ್ನೇ ಮಾಡುತ್ತಾನೆ. ಕೆಲಸ ಅವನದು, ಅಭಿಪ್ರಾಯ ನಮ್ಮದು. ಅಮೆರಿಕದ ಗ್ಯಾರೇಜಿನಲ್ಲಿ ನೆಲಕ್ಕೆ ಹಳದಿ ಗೆರೆ ಎಳೆದಿರುತ್ತಾರೆ. ಇನ್ಶೂರೆನ್ಸಿನ ದೆಸೆಯಿಂದ ಗಿರಾಕಿ ಅದನ್ನು ದಾಟುವ ಹಾಗಿಲ್ಲ. ಗಾಜಿನ ಕೋಣೆಯಲ್ಲಿ ಕೂತು ಹಳೆಯ ಮ್ಯಾಗಜೀನು ತಿರುವಿಹಾಕಬೇಕು. ರಾಯರು ಮೂರು ಗ್ಯಾರೇಜುಗಳಲ್ಲಿ ಆ ಗೆರೆ ದಾಟಿ ಬೈಸಿಕೊಂಡಿದ್ದಾರೆ. ಹಣ ಉಳಿಸುವುದೆಲ್ಲ ನೆಪ. ಬಾನೆಟ್ಟಿನ ಪಕ್ಕ ನಿಲ್ಲಲು ಬಿಡುವವರು ಯಾರೂ ಇಲ್ಲದ್ದಕ್ಕೇ ಅವರು ತಾವೇ ಸ್ಪಾನರ್ ಹಿಡಿದದ್ದು.

ಕ್ಲಚ್ಚಿನ ಕಥೆ ಮುಗಿದದ್ದೂ ಹಾಗೆಯೇ. ಭಾನುವಾರ ರಾತ್ರಿ ಸೋಲೊಪ್ಪಿ, ಸೋಮವಾರ ಕಾರನ್ನು ಲಾರಿಯ ಬೆನ್ನಿಗೇರಿಸಿ ಹೇವರ್ಡಿನ ಒಬ್ಬ ಮುದುಕ ಮೆಕ್ಯಾನಿಕ್ಕಿನ ಹತ್ತಿರ ಕಳಿಸಿದರು. ಬಿಚ್ಚಿದ ಸಾಮಾನೆಲ್ಲ ಸೋನಾ ಮಸೂರಿ ಚೀಲದಲ್ಲಿ ಹಿಂದಿನಿಂದ ಹೋಯಿತು. ಮುದುಕ ಚೀಲ ನೋಡಿದ, ರಾಯರನ್ನು ನೋಡಿದ, ಏನೂ ಕೇಳಲಿಲ್ಲ. ಕೆಳಗಿನ ಸಿಲಿಂಡರ್ ಹೊಸದಾದರೆ ಮೇಲಿನದೂ ಅದರ ಹಿಂದೆಯೇ ಹೋಗುತ್ತದೆ, ಎರಡನ್ನೂ ಒಟ್ಟಿಗೆ ಹಾಕಬೇಕಿತ್ತು ಎಂದಷ್ಟೇ ಹೇಳಿ, ತನ್ನ ಟಾರ್ಚನ್ನು ರಾಯರ ಕೈಗಿಟ್ಟ. ಅಲ್ಲಿ ಹಳದಿ ಗೆರೆ ಇರಲಿಲ್ಲ. ರಾಯರು ಎರಡು ಗಂಟೆ ಟಾರ್ಚ್ ಹಿಡಿದರು, ನಡುನಡುವೆ ಅಭಿಪ್ರಾಯ ಕೊಟ್ಟರು, ಮುದುಕ ಸ್ಪ್ಯಾನಿಷ್‌ನಲ್ಲಿ "ಹೂಂ ಸಾರ್" ಎಂದ. 480 ಡಾಲರ್ ಕೊಟ್ಟು ಬಂದವರ ಮುಖದಲ್ಲಿ ಅಂಥ ಕಳೆಯನ್ನು ನಾನು ಅವರ ಗೃಹಪ್ರವೇಶದ ದಿನವೂ ಕಂಡಿರಲಿಲ್ಲ. "ನಾವಿಬ್ರೂ ಸೇರಿ ಮುಗಿಸಿದ್ವಿ" ಎಂದರು.

ಅಲ್ಲಿಗೆ ಬುದ್ಧಿ ಬಂತು ಅಂದುಕೊಂಡೆವು. ಆದರೆ ಮುದುಕ ಈ ಬೇಸಿಗೆಯಲ್ಲಿ ಗ್ಯಾರೇಜು ಮುಚ್ಚಿ ಮಗಳ ಮನೆಗೆ ಹೊರಟುಹೋದ. ಈಗ ಟೈಮಿಂಗ್ ಬೆಲ್ಟ್ ಬಂದು ಕೂತಿದೆ. 60,000 ಮೈಲಿಗೊಮ್ಮೆ ಬದಲಾಯಿಸಬೇಕಾದದ್ದು. ರಾಯರದು ಅದನ್ನು ದಾಟಿ ಬಹಳ ದೂರ ಬಂದಿದೆ. "ಈ ಎಂಜಿನ್ನಲ್ಲಿ ಬೆಲ್ಟ್ ಕಿತ್ತೋದ್ರೂ ವಾಲ್ವು ಪಿಸ್ಟನ್ನಿಗೆ ತಗಲಲ್ಲ. ಗಾಡಿ ನಿಲ್ಲುತ್ತೆ, ಅಷ್ಟೇ" ಎಂದು ಅವರು ಸಮಾಧಾನ ಹೇಳಿದಾಗ ಅತ್ತಿಗೆ, "ಎಲ್ಲಿ ನಿಲ್ಲುತ್ತೆ ಅಂತ ಅದೇ ಹೇಳುತ್ತಾ?" ಎಂದರು. ಹಾಗಾಗಿ ಮುಂದಿನ ಶನಿವಾರ ಮುಹೂರ್ತ. ಬೆಲ್ಟ್ ಕೂರಿಸುವಾಗ ಎರಡು ಚಕ್ರಗಳ ಗುರುತಿನ ನಡುವೆ ಸರಿಯಾಗಿ 19 ಹಲ್ಲು ಇರಬೇಕಂತೆ. ರಾಯರು ವಿಡಿಯೋ ನಿಲ್ಲಿಸಿ ಎಣಿಸಿ ಅಭ್ಯಾಸ ಮಾಡುತ್ತಿದ್ದಾರೆ. ಹದಿನಾಲ್ಕಕ್ಕೆ ಬಂದಾಗ ಅತ್ತಿಗೆ ಕಾಫಿಗೆ ಕರೆಯುತ್ತಾರೆ, ಮತ್ತೆ ಒಂದರಿಂದ ಶುರು. ಒಂದು ಸಲ 18 ಬಂತು, ಒಂದು ಸಲ 20.

ಆ ಶನಿವಾರ ಅತ್ತಿಗೆ ಬೆಳಿಗ್ಗೆಯೇ ಲಿವರ್‌ಮೋರ್ ದೇವಸ್ಥಾನಕ್ಕೆ ಹೊರಡುತ್ತಾರೆ. ಅತ್ತೆಯವರು ಮೈಸೂರಿನಲ್ಲಿ ಸುಖವಾಗಿದ್ದಾರೆ, ಮುಂದಿನ ವರ್ಷದ ಟಿಕೆಟ್ಟಿಗೆ ಇನ್ನೂ ಒಪ್ಪಿಲ್ಲ. ಟಾರ್ಚ್ ಹಿಡಿಯಲು ರಾಯರು ನನಗೆ ಹೇಳಿಕಳಿಸಿದ್ದಾರೆ. ಓದುಗರಲ್ಲಿ ಯಾರಾದರೂ ಆ ಕಡೆ ಬಂದರೆ ಒಂದು ಉಪಕಾರ ಮಾಡಿ. ರಾಯರ ಕಾರಿನ ಕೆಳಗಾಗಲಿ, ಅಕ್ಕಿ ಚೀಲದೊಳಗಾಗಲಿ 10 ಎಂಎಂ ಸಾಕೆಟ್ ಒಂದು ಕಣ್ಣಿಗೆ ಬಿದ್ದರೆ ಸದ್ದಿಲ್ಲದೆ ಎತ್ತಿಕೊಂಡು ನನಗೆ ತಲುಪಿಸಿ. ಅದು ನನ್ನದು.