ಸೀಲಿಲ್ಲದ ಸೋರ್ಸು

(ಚಾಮರಾಜನಗರ. ವಿಭಾಗದ ಮುಖ್ಯಸ್ಥರ ಎದುರು ಕಂಪ್ಯೂಟರ್ ಮೇಷ್ಟ್ರು. ಬಾಗಿಲಲ್ಲಿ, ಗುಂಡ್ಲುಪೇಟೆ ಬಸ್ಸಿಳಿದು ಬಂದ ವಿದ್ಯಾರ್ಥಿ.)

ಮೇಷ್ಟ್ರು: ಸರ್, ನಮ್ಮ ಹುಡುಗರನ್ನ ಓಪನ್ ಸೋರ್ಸ್ ಯೋಜನೆಗಳಿಗೆ ಹಚ್ಚೋಣ ಅಂತ. ಲಿನಕ್ಸ್, ಲಿಬ್ರೆ ಆಫೀಸ್...

ಮುಖ್ಯಸ್ಥರು: ಲಿನಕ್ಸ್‌ಗೆ ಮಾಲೀಕರು ಯಾರು?

ಮೇಷ್ಟ್ರು: ಒಬ್ಬರೇ ಮಾಲೀಕರು ಅಂತಿಲ್ಲ ಸರ್. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಅನ್ನೋ ಫಿನ್ಲೆಂಡಿನ ವಿದ್ಯಾರ್ಥಿ ಶುರು ಮಾಡಿದ್ದು. ಈಗ ಸಾವಿರಾರು ಜನ ಅದರ ಕೋಡ್ ಬರೀತಾರೆ.

ಮುಖ್ಯಸ್ಥರು: ಉದ್ಘಾಟನೆಗೆ ಆ ಟೋರ್ವಾಲ್ಡ್ಸ್ ಅವರನ್ನೇ ಕರೆಸಿ. ಗುಂಡ್ಲುಪೇಟೆ ಚೆಂಡುಹೂವಿನ ಹಾರ, ಮೈಸೂರು ಪೇಟ. ಒಡಂಬಡಿಕೆಗೂ ಅಲ್ಲೇ ಸಹಿ ಹಾಕಿಸಿಬಿಡೋಣ.

ಮೇಷ್ಟ್ರು: ಒಡಂಬಡಿಕೆ ಬೇಕಿಲ್ಲ ಸರ್. ಕೋಡ್ ಬರೆಯೋಕೆ ಬಾರದಿದ್ರೂ ಸರಿ. ಕನ್ನಡಕ್ಕೆ ಅನುವಾದ, ದೋಷ ಕಂಡಾಗ ವರದಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತೆರಕಣಾಂಬಿಯ ಬೀದಿ ಗುರುತಿಸೋದು, ಎಲ್ಲವೂ ಕೊಡುಗೆಯೇ.

ವಿದ್ಯಾರ್ಥಿ: ಟೀ ಶರ್ಟ್ ಕೊಟ್ಟಾರಾ ಸಾ?

ಮೇಷ್ಟ್ರು: 2020ರ ಹ್ಯಾಕ್ಟೋಬರ್‌ಫೆಸ್ಟ್ ಅನ್ನೋ ಓಪನ್ ಸೋರ್ಸ್ ಅಭಿಯಾನದಲ್ಲಿ ಕೊಡ್ತೀವಿ ಅಂದಿದ್ದೇ ತಪ್ಪಾಯ್ತು. ರೀಡ್‌ಮಿ ಕಡತಕ್ಕೆ ‘ಅದ್ಭುತ ಯೋಜನೆ’ ಅಂತ ಎರಡು ಪದ ಸೇರಿಸಿ ಕಳಿಸಿದವರ ಕಾಟಕ್ಕೆ ನಿರ್ವಾಹಕರು ಕಸ ಗುಡಿಸೀ ಗುಡಿಸೀ ಸುಸ್ತಾದರು!

ವಿದ್ಯಾರ್ಥಿ: ಅಂಗಾದ್ರೆ ಸೈಜು ಮೊದ್ಲೇ ಹೇಳ್ಬುಡ್ಲಾ ಸಾ?

ಮುಖ್ಯಸ್ಥರು: ಅದಿರಲಿ, ಸರ್ಟಿಫಿಕೇಟಿಗೆ ಯಾರ ಸೀಲು?

ಮೇಷ್ಟ್ರು: ಸೀಲಿಲ್ಲ ಸರ್. ಯಾವ ಸಾಲನ್ನ ಯಾರು, ಯಾವತ್ತು ತಿದ್ದಿದರು ಅಂತ ಗಿಟ್ ಅನ್ನೋ ತಂತ್ರಾಂಶದಲ್ಲೇ ದಾಖಲಾಗಿರುತ್ತೆ. ಯಾರು ಬೇಕಾದ್ರೂ ನೋಡಬಹುದು.

ಮುಖ್ಯಸ್ಥರು (ಬೆವರೊರೆಸಿಕೊಂಡು): ಯಾರು ಏನು ಕೆಲಸ ಮಾಡಿದ್ರು ಅಂತ ಎಲ್ಲರಿಗೂ ಕಾಣುತ್ತಾ? ಹಾಗಾದ್ರೆ ನಾವು ವಾರ್ಷಿಕ ವರದಿ ಬರೆಯೋದು ಹೇಗ್ರೀ!