ರವೆ ಹೆಚ್ಚಾದ ಮೃದಂಗ

ಅಲ್ಲ ಕಣ್ರೀ, ನಿನ್ನೆ ಬೆಳಿಗ್ಗೆ ಬೇಲಿ ಹತ್ತಿರ ನಿಂತು ಮೂರು ಸಲ ಕೂಗಿದ್ರಂತೆ, ನಾನು ತಿರುಗಿಯೂ ನೋಡಲಿಲ್ಲವಂತೆ. ಬೇಜಾರು ಮಾಡ್ಕೋಬೇಡಿ. ಮಗ ತಂದುಕೊಟ್ಟ ಹೆಡ್‌ಫೋನ್ ಕಿವಿ ಮೇಲೆ ಕೂತಿತ್ತು. ಬೇಸ್ ಬೇಸ್ ಅಂತ ಡಬ್ಬಿ ತುಂಬ ಬೆರಳಗಲದ ಅಕ್ಷರ.

ಮೊದಲ ದಿನ ಖುಷಿಯೋ ಖುಷಿ, ಡೊಳ್ಳು ಎದೆಯೊಳಗೇ ಬಡಿದ ಹಾಗೆ. ಮಾರನೇ ದಿನ ಕಛೇರಿ ಹಾಕಿದೆ ನೋಡಿ, ಗಾಯಕರು ಕಣಜದೊಳಗೆ ಕೂತು ಹಾಡಿದ ಹಾಗಿತ್ತು. ಸಾಹಿತ್ಯ ಕೇಳಿಸಲಿ ಅಂತ ವಾಲ್ಯೂಮ್ ಏರಿಸಿದೆ, ಗುಮ್ಮೂ ಜೊತೆಗೇ ಏರಿತು. ಅರ್ಧ ಗಂಟೆಗೆ ಕಣತಲೆ ಹೊಡ್ಕೊಳ್ಳೋಕೆ ಶುರು. ಬೇಸ್ ಅನ್ನೋ ತಗ್ಗಿನ ನಾದದ ಗುಣವೇ ಹಾಗೆ, ಜೋರಾದ್ರೆ ತನಗಿಂತ ಮೇಲಿನ ಸ್ವರಗಳನ್ನ ಮುಚ್ಚಿಹಾಕುತ್ತೆ. ಸಿನಿಮಾದಲ್ಲಿ ಮುಂದಿನ ಸೀಟಿಗೆ ದಢೂತಿ ಆಸಾಮಿ ಬಂದು ಕೂತ ಹಾಗೆ.

ಮೃದಂಗದವರನ್ನ ನೋಡಿದ್ದೀರಲ್ಲ? ಕಛೇರಿಗೆ ಮುಂಚೆ ಎಡಗಡೆಗೆ ರವೆ ಕಲಸಿ ಮೆತ್ತುತ್ತಾರೆ. ಒಮ್ಮೆ ತಟ್ಟಿ ಕಿವಿ ಕೊಡ್ತಾರೆ. ಸಾಲದಿದ್ರೆ ಇನ್ನೊಂದು ಚಿಟಿಕೆ, ಜಾಸ್ತಿಯಾದ್ರೆ ಕೆರೆದು ತೆಗೆಯೋದು. ಭಾರ ಹೆಚ್ಚಿದಷ್ಟೂ ನಾದ ಕೆಳಗಿಳಿಯುತ್ತೆ. ನನ್ನ ಹೆಡ್‌ಫೋನಿಗೆ ಕಾರ್ಖಾನೆಯಲ್ಲೇ ಸೇರುಗಟ್ಟಲೆ ರವೆ ಮೆತ್ತಿ ಕಳಿಸಿದ್ದಾರೆ!

ಕೆರೆಯೋಕೆ ಫೋನಿನ ಈಕ್ವಲೈಸರ್ ಇದೆಯಂತೆ. ಅದರಲ್ಲಿ 60, 230 ಅಂತ ಬರೆದಿರೋ ಬೇಸಿನ ಎರಡು ಕಡ್ಡಿ ಕೆಳಗೆಳೆದೆ. ಮೊದಲೆರಡು ಕೀರ್ತನೆ ಉಪ್ಪಿಲ್ಲದ ಸಾರು. ಮೂರನೆಯದಕ್ಕೆ ಕಿವಿ ಹೊಂದಿಕೊಳ್ತು, ಅಷ್ಟು ಹೊತ್ತೂ ಇದ್ದ ತಂಬೂರಿ ಆಗ ಕೇಳಿಸ್ತು. ವಾಲ್ಯೂಮೂ ಎರಡು ಮನೆ ಇಳಿಸಿದೆ.

ಹಾಗಂತ ಪೂರ್ತಿ ಕೆರೀಬಾರದು. ಸಣ್ಣಗೆ ಇಟ್ಟು ಕೇಳಿದ್ರೆ ಕಿವಿಗೆ ಮೊದಲು ತಪ್ಪಿಹೋಗೋದೇ ಬೇಸ್. ಅಮೆರಿಕದ ಫ್ಲೆಚರ್, ಮನ್ಸನ್ ಅನ್ನೋರು 1933ರಲ್ಲೇ ಇದನ್ನ ಅಳೆದು ತೋರಿಸಿದ್ರು. ಹಳೇ ಸ್ಟೀರಿಯೋದಲ್ಲಿ ‘ಲೌಡ್‌ನೆಸ್’ ಅಂತ ಒಂದು ಗುಂಡಿ ಇರ್ತಿತ್ತಲ್ಲ, ಅದಕ್ಕೇ. ಬಸ್ಸಲ್ಲಾದ್ರೆ ಎಂಜಿನ್ನಿನ ಗುರುಗುರು ಬೇಸನ್ನೇ ನುಂಗುತ್ತೆ, ಅಲ್ಲಿ ಒಂದು ಚಿಟಿಕೆ ಹೆಚ್ಚಿಗೆ ಬೇಕು.

ಹಾಂ, ನಿಮ್ಮ ಸೊಸೆ ಇಯರ್‌ಫೋನು ಬರೀ ಕಿರುಚುತ್ತೆ ಅಂದಿದ್ಲಲ್ಲ, ಅದನ್ನ ಬಿಸಾಡೋದು ಬೇಡ. ರಬ್ಬರ್ ಟೋಪಿ ಸಡಿಲ ಇರಬೇಕು. ಸಂದಿ ಬಿಟ್ರೆ ಮೊದಲು ಸೋರೋದೂ ಬೇಸೇ. ಒಂದು ಸೈಜು ದೊಡ್ಡದು ಹಾಕಿ ನೋಡಲಿ.

ಅಂದಹಾಗೆ, ನಿನ್ನೆ ಕೂಗಿದ್ದು ಯಾಕೆ? ಏನು, ನಲ್ಲೀಲಿ ನೀರು ಬಂದಿತ್ತಾ? ಅಯ್ಯೋ, ಇನ್ನು ಮೂರು ದಿನ ಬರೋಲ್ಲವಲ್ರೀ! ಎರಡು ಕೊಡ ಇದ್ರೆ ಈ ಕಡೆ ದಾಟಿಸಿ.